ಧಡಾಕಪ್ಪನಿಗೆ ಕೋಶದಲ್ಲಿ ಜಾಗ

ನಿಘಂಟು ಓದಿ ನಗುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ಬೈಲಹೊಂಗಲದ ಸಾಲಿಮಾಸ್ತರನಾದ ನಾನು ಆ ಜಾತಿಯವನು. "ಮಂದಿ ಕತಿ ಓದಿ ನಗತಾರ, ನೀವು ಶಬ್ದಾ ಓದಿ ನಗಾಕ ಹತ್ತೀರಿ. ಯಾರರೆ ನೋಡಿದ್ರ ಏನಂದಾರು!" ಎಂದು ನನ್ನ ಹೆಂಡತಿ ಎದ್ದು ಬಾಗಿಲು ಮುಂದೆ ಮಾಡುತ್ತಾಳೆ. ಆದರೆ ಈ ಸಲದ ನಗೆಗೆ ಕಾರಣವಿತ್ತು.

ಸವದತ್ತಿಯಲ್ಲಿ ವಕೀಲಿ ಮಾಡುವ ನನ್ನ ಗೆಳೆಯ ರಾಘಣ್ಣ ಪುಣೆಯಲ್ಲಿ ಲ್ಯಾಟಿನ್ ಕಲಿತವನು. ಕಲಿತದ್ದು ಮುಕ್ಕಾಲು ಮರೆತಿದೆ. ದಪ್ಪ ಶಬ್ದಕೋಶವೊಂದು ಉಳಿದಿದೆ. ನಾನು ಅವನ ಮನೆಗೆ ಹೋದಾಗ ಅದನ್ನು ತೆರೆದು ನನಗೆ ಅರ್ಥ ಹೇಳುತ್ತ ಹೋದ. ನೋಡುತ್ತೇನೆ, ರೋಮಿನ ದೊರೆಗಳ ಪಕ್ಕದಲ್ಲೇ ನಗೆನಾಟಕದವರೂ ಕುಳಿತಿದ್ದಾರೆ. ಬಾಯಿಯಲ್ಲೇ ದಂಡು ಕಡಿಯುವ ಸಿಪಾಯಿ, ಕಂಡವರ ಮನೆಯ ಊಟಕ್ಕೆ ಹೊಂಚುವ ಹೊಟ್ಟೆಬಾಕ, ಧಣಿಯನ್ನೇ ಕುಣಿಸುವ ಆಳು. ಒಬ್ಬನಾದರೂ ತಾಯಿ ಹೊಟ್ಟೆಯಿಂದ ಬಂದವನೇ? ಎಲ್ಲ ಯಾರೋ ಕಟ್ಟಿದ ಹೆಸರುಗಳು. ಆದರೂ ಕೋಶದಲ್ಲಿ ಅವರಿಗೆ ಮಣೆ ಹಾಕಿದ್ದಾರೆ. ನನಗೆ ನಗು ತಡೆಯಲಿಲ್ಲ.

ಧಾರವಾಡದ ಪಂಡಿತರೊಬ್ಬರು ಕೋಶ ಕಟ್ಟುತ್ತಿದ್ದು, ನಮ್ಮ ಸೀಮೆಯ ಮಾತುಗಳನ್ನು ಆರಿಸಿ ಕಳಿಸುವ ಕೆಲಸ ನನಗೆ ಬಂದಿತ್ತು. ಆ ಠೀವಿಯಲ್ಲಿ, "ಇದು ತಪ್ಪು. ಹುಟ್ಟದವರಿಗೆ ಕೋಶದಲ್ಲಿ ಎಲ್ಲಿಯ ಜಾಗ?" ಎಂದೆ. ರಾಘಣ್ಣ ನಕ್ಕ. "ಹುಟ್ಟಿದವರೆಲ್ಲ ಸತ್ತು ಹೋದ್ರೋ ಮಾರಾಯಾ. ಇವರಷ್ಟ ಇನ್ನೂ ಜೀವಂತ ಇದ್ದಾರ," ಎಂದ. ವಕೀಲರ ಜೊತೆ ವಾದಕ್ಕೆ ಇಳಿಯಬಾರದು ನೋಡಿ. ನಾನು ಚಕ್ಕಡಿ ಹತ್ತಿ ಊರಿಗೆ ಬಂದೆ.

ಬಂದ ವಾರವೇ ಸಂತೆಯಲ್ಲಿ ಎತ್ತಿನ ವ್ಯಾಪಾರ ನಡೆದಿತ್ತು. ಮಾರುವವನು ತನ್ನ ಎತ್ತನ್ನು ಆಕಾಶಕ್ಕೇರಿಸುತ್ತಿದ್ದ. ಕೊಳ್ಳುವವನು, "ಧಡಾಕಪ್ಪನ ಮಾತು ಬ್ಯಾಡೋ ಯಪ್ಪಾ, ಹಲ್ಲು ತೋರ್ಸು," ಎಂದ. ಧಡಾಕಪ್ಪ ಎಂದರೆ ನಮ್ಮ ಕಡೆಯ ಬಯಲು ನಾಟಕವಾದ ಸಣ್ಣಾಟದಲ್ಲಿ ಬರುವ ಒಬ್ಬ ಸುಬೇದಾರ. ನೂರು ವೈರಿಗಳನ್ನು ಕೊಂದೆನೆಂದು ಮೀಸೆ ತಿರುವಿ, ಬೆಕ್ಕು ಮಿಯಾಂವ್ ಎಂದರೆ ಹೊರಸಿನ, ಅಂದರೆ ಹಗ್ಗದ ಮಂಚದ, ಬುಡಕ್ಕೆ ಹೊಗುವವನು. ಆಟ ಕಂಡಿರದವರ ಬಾಯಲ್ಲೂ ಅವನ ಹೆಸರು ಓಡಾಡುತ್ತಿದೆ. ಇದು ಶಬ್ದವಲ್ಲದೆ ಮತ್ತೇನು? ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಶಬ್ದಗಳನ್ನೇ ಮನೆತನದ ಅಡ್ಡಹೆಸರು ಮಾಡಿಕೊಂಡ ಜನ ನಾವು. ಹೆಸರೊಂದು ಶಬ್ದವಾದರೆ ಮಡಿ ಕೆಡುತ್ತದೆಯೇ? ನನ್ನ ಠೀವಿ ಸ್ವಲ್ಪ ಇಳಿಯಿತು.

ಪೂರ್ತಿ ಇಳಿಸಿದವನು ಕಿತ್ತೂರಿನ ಬಾಳಪ್ಪ. ಧಡಾಕಪ್ಪನ ಪಾತ್ರವನ್ನು ಕಟ್ಟಿ, ರಾಮದುರ್ಗದ ತನಕ ಕುಣಿದು ಬಂದವನು ಅವನೇ. ಈಗ ಮುದುಕ. ಒಂದು ಮುಂಜಾನೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ.

"ಮಾಸ್ತರ, ಧಡಾಕಪ್ಪನ ಹೆಸರು ನಿಮ್ಮ ದೊಡ್ಡ ಪುಸ್ತಕದಾಗ ಹಾಕಿಬಿಡ್ರಿ."

ಕೀರ್ತಿಯ ಆಸೆ ಎಂದುಕೊಂಡೆ. ಅಲ್ಲ.

"ನಮ್ಮ ಮನಿಗೆ ಧಡಾಕಪ್ಪನವರ ಮನಿ ಅಂತ ಹೆಸರು ಅಂಟೇತ್ರಿ. ಮೊಮ್ಮಗಳು ನೀಲವ್ವಗ ಹೂಲಿ ಕಡಿಯಿಂದ ಚಲೋ ಸಂಬಂಧ ಬಂದೈತಿ. ಹುಡುಗನ ಕಾಕಾ, ಸುಳ್ಳು ಬಡಾಯಿ ಮನಿತನ ಅಂತ ಹಿಂದಮುಂದ ನೋಡಾಕ ಹತ್ಯಾನ. ಪುಸ್ತಕದಾಗ ಹೋದ್ರ ಅದು ಊರ ಮಂದಿ ಮಾತು ಆಕ್ಕೈತಿ. ನಮ್ಮ ಮನಿ ಬಿಡತೈತಿ."

ಕೋಶದಿಂದ ಇಂಥ ಉಪಕಾರವೂ ಆದೀತೆಂದು ಯಾವ ಪಂಡಿತನಿಗೆ ಹೊಳೆದಿತ್ತು? ನನಗೆ ನಗು ಬರಲಿಲ್ಲ. ಮುದುಕನ ಕಣ್ಣು ತುಂಬಿತ್ತು. ಬರೆದು ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕನ್ಯೆ ನೋಡುವ ದಿನ ನಾನೂ ಬಂದು, ಅದು ಬರೀ ಶಬ್ದವೆಂದು ಬೀಗರಿಗೆ ತಿಳಿಸಿ ಹೇಳಬೇಕೆಂದೂ ಕೇಳಿಕೊಂಡ.

ಹೋದೆ. ಕಿತ್ತೂರಿನಲ್ಲಿ ಬಾಳಪ್ಪನ ಪಡಸಾಲೆಯಲ್ಲಿ ಹೂಲಿಯವರು ಕಂಬಳಿಯ ಮೇಲೆ ಕುಳಿತಿದ್ದರು. ನೀಲವ್ವ ಅವಲಕ್ಕಿ ತಂದಿಟ್ಟು ತಲೆ ತಗ್ಗಿಸಿ ನಿಂತಳು. ಕಾಕಾ ನೇರವಾಗಿ ಕೇಳಿದ: "ಈ ಧಡಾಕಪ್ಪನವರು ಅಂದ್ರ ಏನ್ರಿ ಮತ್ತ?"

ನಾನು ಗಂಟಲು ಸರಿಮಾಡಿಕೊಂಡು ರೋಮಿನಿಂದ ಶುರುಮಾಡಿದೆ. ರೋಮಿನಿಂದ ಕಿತ್ತೂರಿಗೆ ಬರುವುದು ದೂರದ ದಾರಿ. ನಡುವೆಯೇ ಹುಡುಗನ ಅಜ್ಜಿ ಗಂಗವ್ವ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಬಾಳಪ್ಪನ ಮುಖವನ್ನೇ ನೋಡುತ್ತಿದ್ದಳು.

"ಬೆಕ್ಕಿಗಂಜಿ ಹೊರಸಿನ ಬುಡಕ ಹೊಕ್ಕಾಂವ ನೀನ ಏನೋ ಯಣ್ಣಾ?"

"ಹೌದವ್ವಾ, ನಾನಽ," ಎಂದ ಬಾಳಪ್ಪ, ತಪ್ಪಿತಸ್ಥನ ಹಾಗೆ.

"ನನ್ನ ಚೊಚ್ಚಲ ಕೂಸು ತೀರಿಕೊಂಡ ವರ್ಷ ಅದು. ನನಗ ಅಳೂನೂ ಬರ್ತಿದ್ದಿಲ್ಲ, ಕಲ್ಲಾಗಿ ಕುಂತಿದ್ದೆ. ನಮ್ಮವರು ಜುಲುಮಿಲೆ ಸವದತ್ತಿಗೆ ಆಟಕ್ಕ ಕರಕೊಂಡ ಹೋದ್ರು. ನೀ ಹೊರಸಿನ ಬುಡಕ ಹೊಕ್ಕಿ, ನಾ ನಕ್ಕೆ. ನಗಕೋತನ ಅತ್ತೆ. ಹೊಟ್ಟಿ ತುಂಬ ಅತ್ತೆ. ಮರುದಿನ ಎದ್ದು ಒಲಿ ಹಚ್ಚಿದೆ." ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಮಗನಾದ ಆ ಕಾಕಾನ ಕಡೆ ತಿರುಗಿದಳು. "ಆ ಮನಿ ಹುಡಿಗಿ ನಮಗ ಬೇಕಽ ಬೇಕು. ನೀ ಸುಮ್ಮನ ಅವಲಕ್ಕಿ ತಿನ್ನು."

ಕಾಕಾ ಅವಲಕ್ಕಿ ತಿಂದ. ನೀಲವ್ವ ಮುಂದೆ ಬಂದು ಅವನ ತಾಟಿಗೆ ಇನ್ನಷ್ಟು ಹಾಕಿದಳು.

ನಾನು ಹೊರಡುವಾಗ ಬಾಳಪ್ಪ ಊರ ಅಗಸಿ ಬಾಗಿಲ ತನಕ ಕಳಿಸಲು ಬಂದ. ಅಲ್ಲಿ ನನ್ನ ಕೈ ಹಿಡಿದುಕೊಂಡ. "ಮಾಸ್ತರ, ಸಿಟ್ಟಾಗಬ್ಯಾಡ್ರಿ. ಆ ಹೆಸರು ಪುಸ್ತಕಕ್ಕ ಕೊಡಬ್ಯಾಡ್ರಿ. ನಮ್ಮ ಮನ್ಯಾಗಽ ಇರ್ಲಿ."

ಹೀಗಾಗಿ, ನಾಳೆ ಧಾರವಾಡದ ಕೋಶ ಅಚ್ಚಾಗಿ ಬಂದಾಗ ಅದರಲ್ಲಿ ಧಡಾಕಪ್ಪ ಸಿಗದಿದ್ದರೆ ದಯಮಾಡಿ ಪಂಡಿತರನ್ನು ಬೈಯಬೇಡಿ. ಕಿತ್ತೂರಿಗೆ ಹೋಗಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ.