ಊತಕ್ಕೆ ಸಾಕು ಅನ್ನುವ ರಸ

ನನಗೆ ಮೊದಲ ಮೊಮ್ಮಗಳು ಹುಟ್ಟಿದ್ದು ರೇಷ್ಮೆಮೊಟ್ಟೆ ಒಡೆದು ಹುಳು ಹೊರಬಂದ ವಾರ. ತೊಂಬತ್ತರ ದಶಕದ ಆರಂಭ. ಶಿಡ್ಲಘಟ್ಟದ ಕಡೆ ಹುಳು ಸಾಕದ ಮನೆಯೇ ಅಪರೂಪ. ಮಗಳು ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ ಹುಳುವಿಗೆ ಆಗದು. ಆದ್ದರಿಂದ ಅಲ್ಲಿಂದ ಬಂದ ನಾನು ಸೀರೆ ಬದಲಿಸಿ, ಕೈ ತೊಳೆದು, ಆಮೇಲೆ ಹುಳುಮನೆಗೆ ಹೋಗಿ ಹಿಪ್ಪುನೇರಳೆಯ ಎಳೆ ಸೊಪ್ಪು ಹೆಚ್ಚಿ ಉದುರಿಸಬೇಕು. ಮತ್ತೆ ಕೂಸು ಅತ್ತಿತೆಂದರೆ ಈ ಕಡೆ ಓಟ. ಸೀರೆ ಉಟ್ಟು ಬಿಚ್ಚಿಯೇ ನನ್ನ ತೋಳುಗಳು ಸೋತಿದ್ದವು. ನಾನು ಮೂರನೇ ಕ್ಲಾಸಿನ ತನಕ ಓದಿದವಳು, ಸಂತೋಷವನ್ನು ಚೆಂದವಾಗಿ ಬರೆಯಲು ಬಾರದು. ಆ ಕೂಸಿನ ಅಂಗಾಲನ್ನು ನನ್ನ ಕೆನ್ನೆಗೆ ಒತ್ತಿಕೊಂಡರೆ ನಿಂತಲ್ಲೇ ನಿದ್ದೆಯೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಅಷ್ಟು ಹೇಳಬಲ್ಲೆ.

ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ಮಗಳ ತುಟಿಯ ಒಂದು ಮೂಲೆಯಿಂದ ನೀರು ತಾನಾಗಿ ಇಳಿಯಿತು. ನೋಡಿದರೆ ಬಲಗಡೆಯ ಮುಖವೆಲ್ಲ ಜೋತುಬಿದ್ದಿದೆ. ಕಣ್ಣು ಮುಚ್ಚು ಅಂದರೆ ಎಡಗಣ್ಣು ಮುಚ್ಚಿತು, ಬಲಗಣ್ಣು ಬಿಟ್ಟಂತೆಯೇ ಇತ್ತು.

ಪಕ್ಕದ ಮನೆಯ ಅಜ್ಜಿ ಬಂದು ಗಲ್ಲ ಹಿಡಿದು ನೋಡಿದಳು. ಆಕೆಗೆ ಗಾಬರಿಯಾದರೆ ತೆಲುಗೇ ಬಾಯಿಗೆ ಬರುವುದು. "ಗಾಲಿ ಸೋಕಿಂದಮ್ಮಾ. ಗಾಳಿ ಹೊಡೆದೈತೆ. ಕಿಟಕಿ ತೆಗೆದಿದ್ರಾ?"

ನಾವು ಕಿಟಕಿಗೆ ಗೋಣಿಚೀಲ ಬಡಿದೆವು. ಮಗಳ ಕಿವಿಗೆ ಇನ್ನಷ್ಟು ಹತ್ತಿ ತುರುಕಿದೆವು. ಸಾಂಬ್ರಾಣಿ ಎರಡರಷ್ಟು ಹಾಕಿದೆವು. ಮುಚ್ಚಲಾಗದ ಕಣ್ಣಿಗೆ ಹೊಗೆ ತುಂಬಿ, ಅದು ಕೆಂಡದಂತೆ ಕೆಂಪಾಯಿತು.

ಮಗಳು ಕನ್ನಡಿಯನ್ನು ಒಮ್ಮೆ ನೋಡಿದಳು, ಮತ್ತೆ ಕೇಳಲಿಲ್ಲ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು. ಹಾಲು ಕುಡಿಸುವಾಗ ಕೂಸಿನ ತಲೆಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು, ಅದು ಮೇಲೆ ನೋಡದ ಹಾಗೆ.

"ಯಾಕಮ್ಮ ಹಂಗೆ ಅದುಮ್ತೀಯ? ಉಸಿರು ಕಟ್ತದೆ."

"ಕಣ್ಣು ನಿಲ್ಸಿ ನೋಡೋಕೆ ಶುರು ಮಾಡ್ತದಲ್ಲಮ್ಮ ಇನ್ನು. ಮೊದಲನೇ ಸಲ ನೋಡೋದು ಈ ಮುಖಾನಾ?"

ಮರುದಿನವೇ ಕೂಸನ್ನು ಸುತ್ತಿಕೊಂಡು ಚಿಂತಾಮಣಿಯ ಬಸ್ಸು ಹತ್ತಿದೆವು.

ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಹುಬ್ಬು ಎತ್ತಿಸಿ, ಕೆನ್ನೆ ಊದಿಸಿ ನೋಡಿ, ಗಾಳಿಯ ಮಾತು ಕೇಳಿ ನಕ್ಕರು. "ಮುಖ ಆಡ್ಸೋ ನರ ಕಿವಿ ಹಿಂದೆ ಮೂಳೆ ಸಂದಿಯೊಳಗೆ ಬರ್ತದಮ್ಮ. ಆ ನರ ಊದ್ಕೊಂಡಿದೆ. ಊದೋಕೆ ಜಾಗ ಇಲ್ಲ, ಹಿಸುಕ್ಕೊಂಡು ಕೂತಿದೆ."

"ತಾನಾಗಿ ಇಳಿಯಲ್ವಾ?"

"ಇಳಿಸೋಕೆ ಮಿದುಳೇ ನೋಡ್ತಾ ಇರ್ತದೆ. ಮೈಯಲ್ಲಿ ಊತ ಅಂದ್ರೆ ಅದು ರಕ್ತದಲ್ಲಿ ಒಂದು ರಸ ಕಳಿಸ್ತದೆ. ಮೂತ್ರಪಿಂಡದ ಮೇಲೆ ಟೋಪಿ ಥರ ಎರಡು ಗ್ರಂಥಿ ಇದಾವೆ. ಮಿದುಳಿನ ಸುದ್ದಿ ಮುಟ್ಟಿದ್ರೆ ಅವು ಇನ್ನೊಂದು ರಸ ಬಿಡ್ತವೆ. ಅದು ಹೋಗಿ ಊತಕ್ಕೆ, ಸಾಕು ನಿಲ್ಸು, ಅನ್ನುತ್ತೆ. ನಿಮ್ಮ ಮಗಳಿಗೆ ಅದು ಸಾಲ್ತಿಲ್ಲ. ಈ ಮಾತ್ರೆಯಲ್ಲಿರೋದು ಅಂಥದೇ ರಸ. ಹಾಲು ಕುಡ್ಸಿ, ಏನೂ ಆಗಲ್ಲ. ಹೊಗೆ ಮಾತ್ರ ಬೇಡ, ಮಲಗುವಾಗ ಕಣ್ಣಿಗೆ ಪಟ್ಟಿ ಹಾಕಿ. ಮಾತ್ರೆ ನಾನು ಹೇಳ್ದಂಗೆ ಕಮ್ಮಿ ಮಾಡ್ಕೊಂಡು ಬನ್ನಿ. ಒಟ್ಟಿಗೆ ನಿಲ್ಸಬೇಡಿ."

ಆ ಕೊನೆಯ ಮಾತು ನಮ್ಮ ತಲೆಯಲ್ಲಿ ನಿಲ್ಲಲಿಲ್ಲ.

ಮಾತ್ರೆ ನುಂಗುತ್ತಾ ಬಂದ ಹಾಗೆ ಬಲಗಣ್ಣು ಅರ್ಧಕ್ಕರ್ಧ ಮುಚ್ಚತೊಡಗಿತು. ಹುಳು ಆಗ ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಕಳಚುವ ಮುಂಚೆ ಹುಳು ಮೇಯುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಸೊಪ್ಪನ್ನು ಪೂರ್ತಿ ನಿಲ್ಲಿಸಿ ಸುಣ್ಣದ ಪುಡಿ ಉದುರಿಸುತ್ತೇವೆ. ನಮ್ಮ ಯಜಮಾನರು ಕೈಗೆ ಹತ್ತಿದ ಸುಣ್ಣ ಕೊಡವುತ್ತಾ ಬಂದವರು ಮಾತ್ರೆಯ ಪೊಟ್ಟಣವನ್ನು ಎತ್ತಿ ಅಟ್ಟದ ಮೇಲಿಟ್ಟರು.

"ಕಣ್ಣು ಮುಚ್ತಾವಳಲ್ಲ, ಇನ್ನು ಸಾಕು ಕಣೇ. ಜ್ವರಕ್ಕೆ ಕೂತ ಹುಳಕ್ಕೆ ಒಂದೆಲೆ ಜಾಸ್ತಿ ಹಾಕಿದ್ರೂ ಕೆಡ್ತದೆ. ಮೈನೂ ಹಂಗೇ. ಬೇಡ ಅಂದಾಗ ನಿಲ್ಸಿಬಿಡಬೇಕು."

ನನಗೂ ಸರಿಯೆನಿಸಿತು. ಇಪ್ಪತ್ತು ವರ್ಷ ಹುಳುವಿನ ಜೊತೆ ಬದುಕಿದವರು, ಬೇರೆ ಯಾವ ಲೆಕ್ಕ ಗೊತ್ತಿತ್ತು ನಮಗೆ?

ಎರಡು ದಿನಕ್ಕೆ ಮಗಳು ಬಾಡಿದ ಸೊಪ್ಪಿನಂತಾದಳು. ಎದ್ದರೆ ತಲೆಸುತ್ತು, ತಟ್ಟೆ ಕಂಡರೆ ವಾಕರಿಕೆ, ಕೂಸನ್ನು ಎತ್ತಿಕೊಳ್ಳಲು ಕೈಯಲ್ಲಿ ಕಸುವಿಲ್ಲ. ಕಣ್ಣು ಮುಚ್ಚುವುದೂ ಅಲ್ಲಿಗೇ ನಿಂತಿತು. ಅತ್ತ ಹುಳು ಜ್ವರದಿಂದ ಏಳುತ್ತಿತ್ತು. ಆ ಹೊತ್ತಿನಲ್ಲಿ ನಮ್ಮವರು ಹುಳುಮನೆ ಬಿಟ್ಟು ಕದಲಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಸೊಪ್ಪನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ, ಮಗಳನ್ನು ತೋಳಲ್ಲಿ ಆನಿಸಿಕೊಂಡು ಬಸ್ಸು ಹತ್ತಿದರು. ಕೂಸನ್ನು ಎತ್ತಿಕೊಂಡು ನಾನೂ ಹಿಂದೆಯೇ ಹತ್ತಿದೆ.

"ಯಾರು ನಿಲ್ಸಿದ್ದು?" ಡಾಕ್ಟರಮ್ಮ ಕೇಳಿದರು.

"ನಾನೇ. ವಾಸಿಯಾಯ್ತು ಅಂದ್ಕೊಂಡೆ."

"ನೋಡಿ ಯಜಮಾನ್ರೇ, ಹೊರಗಿಂದ ರಸ ಬರ್ತಾ ಇದ್ರೆ ಮಿದುಳು ಏನಂದ್ಕೊಳ್ತದೆ? ಬೇಕಾದಷ್ಟಿದೆ, ನಾನ್ಯಾಕೆ ಹೇಳಿ ಕಳಿಸ್ಲಿ, ಅಂತ ಸುಮ್ಮನಾಗ್ತದೆ. ಗ್ರಂಥಿನೂ ಮಲಕ್ಕೊಳ್ತದೆ. ನೀವು ದಿಢೀರ್ ಅಂತ ಮಾತ್ರೆ ಕಿತ್ಕೊಂಡ್ರಿ. ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ. ಈ ಹುಡುಗಿ ಎಲ್ಲಿಂದ ತರ್ಬೇಕು ಕಸುವ? ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿದ್ರೆ ಮಿದುಳಿಗೆ ಮತ್ತೆ ಹೇಳಿ ಕಳ್ಸೋದು ಅಭ್ಯಾಸ ಆಗ್ತದೆ."

ಯಜಮಾನರು ತಲೆ ತಗ್ಗಿಸಿ ಮೆಲ್ಲಗೆ ಅಂದರು: "ಜ್ವರ ಎದ್ದ ಹುಳಕ್ಕೂ ನಾವು ಒಂದೇ ಸಲ ಬಲಿತ ಸೊಪ್ಪು ಹಾಕಲ್ಲ. ಮೊದ್ಲು ಎಳೇದು, ಆಮೇಲೆ..."

"ಮತ್ತೆ? ಹುಳಕ್ಕಿರೋ ಮರ್ಯಾದೆ ಮಗಳಿಗೆ ಬೇಡ್ವಾ?"

ಬಸ್ಸಿನಲ್ಲಿ ಮಗಳು ಅಪ್ಪನ ಭುಜಕ್ಕೊರಗಿ ನಿದ್ದೆ ಹೋದಳು. ಅವರು ಊರು ಬರುವ ತನಕ ಆ ಭುಜವನ್ನು ಅಲುಗಿಸಲಿಲ್ಲ. ಮನೆಗೆ ಬಂದು ಮಾತ್ರೆಗಳನ್ನು ತಾವೇ ಅರ್ಧ, ಕಾಲು ಮುರಿದು, ಡಾಕ್ಟರಮ್ಮ ಹೇಳಿದ ಹಾಗೆ ಇಳಿಸುತ್ತಾ ಕೈಗೆ ಕೊಟ್ಟರು.

ಹುಳು ಮೇದು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರ ತಟ್ಟಿ ಹತ್ತಿತು, ಗೂಡು ಕಟ್ಟಿತು, ಗೂಡು ಮಾರುಕಟ್ಟೆಗೂ ಹೋಯಿತು. ನನಗೆ ಅದೊಂದೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಸೊಂಟದ ನೋವು, ಮತ್ತು ಕೂತಲ್ಲಿ ತೂಗುತ್ತಿದ್ದ ತಲೆ. ಮಗಳಿಗೆ ಕಸುವು ಬಂತು, ಕಣ್ಣು ಮುಚ್ಚಿತು. ತುಟಿ ಮಾತ್ರ ಇನ್ನೂ ಸ್ವಲ್ಪ ಸೋತಿತ್ತು. ಸೆರಗು ಮೂಗಿನಿಂದ ಇಳಿದಿರಲಿಲ್ಲ.

ಒಂದು ದಿನ ಅಂಗಳದಲ್ಲಿ ತೊಳೆದ ಹುಳುತಟ್ಟೆಗಳನ್ನು ಬಿಸಿಲಿಗೆ ಒರಗಿಸುತ್ತಿದ್ದೆ. ಮಗಳು ಜಗುಲಿಯಲ್ಲಿ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಎರಡು ಕೈಗೂ ಎಣ್ಣೆ. ಸೆರಗು ಜಾರಿತು, ಹಿಡಿಯಲು ಆಗಲಿಲ್ಲ. ಕೂಸು ಅವಳ ಮುಖವನ್ನು ಕಣ್ಣು ಮಿಟುಕಿಸದೆ ನೋಡಿತು. ಮಗಳು ಉಸಿರು ಹಿಡಿದು ಕೂತಳು. ನಾನೂ ತಟ್ಟೆ ಹಿಡಿದೇ ನಿಂತೆ.

ಕೂಸು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು.

"ಅಮ್ಮ, ನಗ್ತಾವಳೆ ನೋಡು" ಅಂದಳು ಮಗಳು, ಅವಳೂ ನಗುತ್ತಾ. ಎಡಗಡೆ ಪೂರ್ತಿ, ಬಲಗಡೆ ಮುಕ್ಕಾಲು. ಅವಳಿಗೆ ಅದು ಗೊತ್ತೇ ಇರಲಿಲ್ಲ, ನಾನೂ ಹೇಳಲಿಲ್ಲ. ಒದ್ದೆ ತಟ್ಟೆಗಳನ್ನು ಅಲ್ಲೇ ಬಿಟ್ಟು ಜಗುಲಿಯ ಕಂಬಕ್ಕೊರಗಿ ಕೂತೆ. ಎಷ್ಟೋ ದಿನದ ಮೇಲೆ, ಆ ನಗು ನೋಡುತ್ತಲೇ, ನನಗೆ ಒಳ್ಳೆಯ ನಿದ್ದೆ ಹತ್ತಿತು.