ಟೈಪಕ್ಕನ ಸೇಡು

ಸರ್ಕಾರಿ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರ್, ಕೆಮ್ಮಿ ಕೆಮ್ಮಿ ಕಾಗದ ಉಗುಳುವ ಒಂದು ಪ್ರಿಂಟರ್. ಹದಿನೇಳು ವರ್ಷದಿಂದ ಆಕೆ ಅಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಎಲ್ಲರ ಬಾಯಲ್ಲೂ ಆಕೆ ಟೈಪಕ್ಕ. ಅರ್ಧ ಮಾತು ಕೇಳಿದರೆ ಸಾಕು, ಪೂರ್ತಿ ಅರ್ಜಿ ಅವಳ ಬೆರಳಿಂದ ಇಳಿಯುತ್ತಿತ್ತು. ಬರೆದು ತಂದವರ ಕಾಗುಣಿತದ ತಪ್ಪುಗಳನ್ನು ಹೇಳದೆ ಕೇಳದೆ ತಿದ್ದುತ್ತಿದ್ದಳು. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ.

ಅವಳ ಮಗಳಿಗೆ ಆಗ ಏಳು ವರ್ಷ. ಮಾತು ಬಲು ಕಡಿಮೆ. ಶಾಲೆಯ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತಿದ್ದಳು. ಪ್ರಿಂಟರಿನಿಂದ ಆಗತಾನೆ ಹೊರಬಂದ ಬೆಚ್ಚನೆಯ ಕಾಗದವನ್ನು ಕೆನ್ನೆಗೆ ಒತ್ತಿಕೊಂಡರೆ ಅವಳಿಗೆ ನೆಮ್ಮದಿ. ಶಾಲೆಯ ಟೀಚರೊಬ್ಬರು ಮೆಲ್ಲಗೆ ಹೇಳಿದರು: "ಇದು ಆಟಿಸಂ ಇರಬಹುದು ಅಕ್ಕಾ. ನಿಮ್ಮ ಕಟ್ಟಡದ ಮೂರನೇ ಮಹಡೀಲಿ ಪರೀಕ್ಷೆ ಮಾಡಿ ಪತ್ರ ಕೊಡ್ತಾರೆ. ಪತ್ರ ಇದ್ರೆ ಕ್ಲಾಸಲ್ಲಿ ಜೊತೆಗೆ ಕೂರೋಕೆ ಸಹಾಯಕಿ ಸಿಗ್ತಾರೆ."

ಮೂರನೇ ಮಹಡಿಯಲ್ಲಿ ಪರೀಕ್ಷೆ ಮಾಡುತ್ತಿದ್ದವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಟೈಪಕ್ಕ ಮುಂದೆ ಬರೀ ಸಾಹೇಬ ಎಂದಳು. ನಾನೂ ಹಾಗೇ ಹೇಳುತ್ತೇನೆ.

ಆ ಕೋಣೆಯ ಟ್ಯೂಬ್‌ಲೈಟು ಪಟಪಟ ಮಿಣುಕುತ್ತಿತ್ತು, ಫ್ಯಾನು ಕಟಕಟ ಎನ್ನುತ್ತಿತ್ತು. ಹುಡುಗಿ ಒಳಗೆ ಕಾಲಿಟ್ಟವಳೇ ಮೇಜಿನಡಿ ನುಗ್ಗಿದಳು. ಸಾಹೇಬ ಬಗ್ಗಿ, "ಏಯ್, ನನ್ನ ಮುಖ ನೋಡು" ಎಂದ. ಅವಳು ನೋಡಲಿಲ್ಲ.

"ಸಾರ್, ಅವಳು ಹಟ ಮಾಡ್ತಿಲ್ಲ. ಆ ಲೈಟು ಅವಳಿಗೆ ಆಗ್ತಿಲ್ಲ. ಒಂದು ನಿಮಿಷ ಆರಿಸಿದ್ರೆ—"

"ನೀವು ಡಾಕ್ಟರಾ? ಟೈಪ್ ಮಾಡೋರು ಟೈಪ್ ಮಾಡ್ಬೇಕಮ್ಮ. ಮುದ್ದು ಜಾಸ್ತಿ ಆಗಿದೆ, ಎರಡು ಬಿಗೀರಿ, ಸರಿ ಹೋಗ್ತಾಳೆ."

ಗೋಡೆಯ ಗಡಿಯಾರದ ಲೆಕ್ಕದಲ್ಲಿ ಎಂಟೇ ನಿಮಿಷಕ್ಕೆ ಪರೀಕ್ಷೆ ಮುಗಿಯಿತು. ವಾರದ ನಂತರ ಪತ್ರ ಬಂತು: "ತಾಯಿಯ ಸಾಕಣೆಯಲ್ಲಿ ಶಿಸ್ಥಿನ ಕೊರತೆ. ಸಹಾಯದ ಅಗತ್ಯ ಕಂಡುಬಂದಿಲ್ಲ." ಹೆಡ್‌ಮಾಸ್ಟರು ಅದನ್ನು ಓದಿ, ಸಹಾಯಕಿ ಇಲ್ಲದೆ ಮಗುವನ್ನು ಇಟ್ಟುಕೊಳ್ಳಲಾಗದು ಎಂದು ಕೈಚೆಲ್ಲಿಬಿಟ್ಟರು. ಅಂದಿನಿಂದ ಹುಡುಗಿಯ ಶಾಲೆ ಅಮ್ಮನ ಮೇಜಿನ ಕೆಳಗೆ ನಡೆಯಿತು.

ಗಂಡ ಸಿಟಿ ಬಸ್ಸಿನ ಡ್ರೈವರು, ಸಾಧು ಮನುಷ್ಯ. "ಹೋಗ್ಲಿ ಬಿಡೇ. ದೊಡ್ಡೋರನ್ನ ಎದುರು ಹಾಕ್ಕೊಂಡು ನಾವೇನು ಮಾಡೋಕಾಗತ್ತೆ?" ಎಂದ.

"ದಿನಾ ಸಾಯಂಕಾಲ ಅವನು ನನ್ನ ಮೇಜಿನ ಮುಂದೇನೇ ಇಳಿದು ಹೋಗ್ತಾನೆ ಕಣ್ರೀ. ಮಗು ಕೆಳಗೆ ಕೂತಿರತ್ತೆ, ಅವನು ತಿರುಗಿಯೂ ನೋಡಲ್ಲ. ಅವನನ್ನ ಆ ಮಹಡಿಯಿಂದ ಇಳಿಸದೇ ಇದ್ರೆ ನಾನು ಟೈಪಕ್ಕನೇ ಅಲ್ಲ."

ಇಳಿಸುವುದು ಹೇಗೆ ಎಂದು ಮಾತ್ರ ಹೊಳೆಯಲಿಲ್ಲ. ಮಾಡಿದ ಮೂರು ಮೇಲ್ಮನವಿಗೂ ಉತ್ತರ ಬರಲಿಲ್ಲ. ಒಂದು ವರ್ಷ ಹಲ್ಲು ಕಚ್ಚಿ ಕಾದಳು.

ಒಂದು ದಿನ ಪಾರ್ಸೆಲ್ ಹಂಚುವವನೊಬ್ಬ ಮೆಟ್ಟಿಲಿಳಿದು ಬಂದು ಎದುರಿನ ಕುರ್ಚಿಯಲ್ಲಿ ಕುಸಿದ. ನಲವತ್ತರ ಆಸುಪಾಸು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರಬಹುದೆಂದು ಯಾರೋ ಹೇಳಿ ಕಳಿಸಿದ್ದರು. ಐದು ಕೆಲಸ ಕಳೆದುಕೊಂಡಿದ್ದ. ವಿಳಾಸ ಕೇಳಿದ ಮರುಕ್ಷಣ ಮರೆಯುತ್ತಿದ್ದ. ಮೈಗಳ್ಳ ಎನ್ನಿಸಿಕೊಂಡು ಎನ್ನಿಸಿಕೊಂಡು ಸಾಕಾಗಿತ್ತು. ಪತ್ರ ಸಿಕ್ಕರೆ ಔಷಧಿ, ಮಾಲೀಕನಿಂದ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು. ಸಿಕ್ಕಿದ್ದು ನಿರಾಕರಣೆ.

ಟೈಪಕ್ಕ ಅವನ ಕಾಗದ ಓದಿದಳು. "ತಾಯಿಯ ಸಾಕಣೆಯಲ್ಲಿ ಶಿಸ್ಥಿನ ಕೊರತೆ."

"ಅಣ್ಣಾ, ನಿಮ್ಮ ತಾಯಿ?"

"ನನ್ನ ಹೆತ್ತ ಮೂರನೇ ದಿನಕ್ಕೇ ಹೋದ್ರಂತೆ ಅಕ್ಕಾ. ಸಾಕಿದ್ದು ತಾತ."

ಅವಳು ಡ್ರಾಯರಿನಿಂದ ಮಗಳ ಕಾಗದ ತೆಗೆದು ಪಕ್ಕದಲ್ಲಿಟ್ಟಳು. ಅಕ್ಷರಕ್ಕೆ ಅಕ್ಷರ ಅದೇ ಸಾಲು. 'ಶಿಸ್ತು' ಎಂದು ಬರೆಯಬೇಕಾದಲ್ಲಿ ಎರಡರಲ್ಲೂ 'ಶಿಸ್ಥು'. ಹದಿನೆಂಟು ವರ್ಷ ಬೇರೆಯವರ ತಪ್ಪು ತಿದ್ದಿದ ಕಣ್ಣು ಅದು. ಒಬ್ಬ ಮನುಷ್ಯ ಯಾರನ್ನೂ ನೋಡದೆ ಒಂದೇ ಸಾಲನ್ನು ಎಲ್ಲರ ತಲೆಗೂ ಅಂಟಿಸುತ್ತಿದ್ದಾನೆ ಎಂಬುದು ತಿಳಿದುಹೋಯಿತು. ಅವತ್ತು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಪಾರ್ಸೆಲ್ಲಣ್ಣ ಹೆದರಿಕೊಂಡ.

ಮರುದಿನ ಮೇಜಿನ ಮೇಲೆ ಬೋರ್ಡು ಬಂತು: "ಮೂರನೇ ಮಹಡಿಯಿಂದ ವಾಪಸ್ ಬಂದವರು ಇಲ್ಲಿ ಕೂರಬಹುದು." ಅಳುತ್ತಾ ಇಳಿದವರು ಕೂತರು. ಪ್ರತಿಯೊಬ್ಬರ ಕಾಗದದ ಒಂದು ನಕಲು ಅವಳ ಫೈಲಿಗೆ ಸೇರಿತು. ಒಂಬತ್ತು ತಿಂಗಳಲ್ಲಿ ನಲವತ್ನಾಲ್ಕು.

ಮೇಜಿನ ಸುತ್ತ ಜಾಗ ಸಾಲದಾಗಿ ಶನಿವಾರ ಮಧ್ಯಾಹ್ನ ಎಲ್ಲರೂ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರತೊಡಗಿದರು. ಅಂಗಿಯ ಕತ್ತಿನಲ್ಲಿ ಚುಚ್ಚುವ ಲೇಬಲ್ಲು ಕತ್ತರಿಸಿ ಹಾಕಿದರೆ ಮಗು ಬಟ್ಟೆ ತೊಡುತ್ತದೆ ಎಂದು ಒಬ್ಬಳು ಹೇಳಿದರೆ, ಸದ್ದು ತಡೆಯುವ ಹೆಡ್‌ಫೋನನ್ನು ಇನ್ನೊಬ್ಬಳು ಎರವಲು ಕೊಟ್ಟಳು. ಪಾರ್ಸೆಲ್ಲಣ್ಣ ಪ್ರತಿವಾರ ತಡವಾಗಿಯೇ ಬರುತ್ತಿದ್ದ, ಯಾರೂ ಬೈಯುತ್ತಿರಲಿಲ್ಲ. ಹೊರಗಿನವರು ಟೈಪಕ್ಕನದು ದೊಡ್ಡ ಮನಸ್ಸು ಎಂದು ಹೊಗಳಿದರೆ ಅವಳು ಮುಖ ಸಿಂಡರಿಸುತ್ತಿದ್ದಳು. "ಮನಸ್ಸೂ ಇಲ್ಲ ಮಣ್ಣೂ ಇಲ್ಲ. ನಂಗೆ ಸಾಕ್ಷಿ ಬೇಕಾಗಿತ್ತು ಅಷ್ಟೆ."

ನಲವತ್ನಾಲ್ಕು ಸಹಿಗಳ ದೂರು ಮೇಲಿನ ಕಚೇರಿಗೆ ಹೋಯಿತು. ಸಾಹೇಬನಿಗೆ ವಿವರಣೆ ಕೇಳಿ ನೋಟಿಸು ಬಂತು. ಆ ವಾರ ಮೂರನೇ ಮಹಡಿಯ ಟೈಪಿಸ್ಟ್ ರಜೆಯಲ್ಲಿದ್ದ. ಅಟೆಂಡರು ಸಾಹೇಬನ ಕೈಬರಹದ ಎರಡು ಹಾಳೆ ತಂದು ಟೈಪಕ್ಕನ ಮೇಜಿನ ಮೇಲಿಟ್ಟು, ಕತ್ತು ಕೆರೆದುಕೊಳ್ಳುತ್ತಾ ಆಚೆ ನೋಡಿದ. ದೂರು ಯಾರದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಸಾಹೇಬನಿಗಂತೂ ಮೆಟ್ಟಿಲ ಕೆಳಗೆ ಕೂರುವವಳ ನೆನಪೇ ಇರಲಿಲ್ಲ.

ಹಾಳೆಯಲ್ಲಿ ಹೀಗಿತ್ತು: "ಆ ಸಾಲು ನನ್ನದಲ್ಲ. ಗುಮಾಸ್ತರು ನಮೂನೆಯಿಂದ ತಪ್ಪಾಗಿ ನಕಲು ಮಾಡಿದ್ದಾರೆ. ಶಿಸ್ಥಿನ ಕೊರತೆ ಎಂಬ ಪದ ನಾನು ಎಂದೂ ಬಳಸಿದವನಲ್ಲ."

ಅವಳ ಬೆರಳು ಅಭ್ಯಾಸಬಲದಿಂದ 'ಶಿಸ್ತಿನ' ಎಂದು ಒತ್ತಿತ್ತು. ನಿಲ್ಲಿಸಿದಳು. ಅಳಿಸಿದಳು. ಅವನು ಬರೆದ ಹಾಗೇ, 'ಥ' ಒತ್ತು ಇಟ್ಟು ಕೊಟ್ಟಳು.

ವಿಷಯ ಕೇಳಿ ಗಂಡ ಗಾಬರಿಯಾದ. "ಇದು ಸರಿನಾ?"

"ಅವನು ಬರೆದಿದ್ದನ್ನೇ ಅಚ್ಚು ಹಾಕಿದೀನಿ. ಟೈಪ್ ಮಾಡೋರು ಟೈಪ್ ಮಾಡ್ಬೇಕು ಅಂತ ಅವನೇ ಹೇಳಿದ್ದಲ್ವಾ?"

ವಿಚಾರಣೆಯ ದಿನ ಹಿರಿಯ ಅಧಿಕಾರಿಣಿಯೊಬ್ಬರು ಮಧ್ಯದಲ್ಲಿ ಕೂತಿದ್ದರು. ಟೈಪಕ್ಕ ಎದ್ದು ನಲವತ್ನಾಲ್ಕು ಕಾಗದಗಳನ್ನೂ ಓದತೊಡಗಿದಳು. ಒಂದೊಂದಕ್ಕೂ ಯಾರದು, ಎಷ್ಟು ವಯಸ್ಸು, ಆಮೇಲೆ ಅದೇ ಸಾಲು. ಹನ್ನೆರಡನೆಯದಕ್ಕೆ ಅಧಿಕಾರಿಣಿ, "ಗೊತ್ತಾಯ್ತಮ್ಮ, ಸಾಕು" ಎಂದರು.

"ನಮಗೆ ಯಾರೂ ಸಾಕು ಅನ್ನಲಿಲ್ಲ ಮೇಡಂ. ಪೂರ್ತಿ ಕೇಳಿ."

ಪೂರ್ತಿ ಓದಿದಳು. ಪಾರ್ಸೆಲ್ಲಣ್ಣನ ತಾಯಿಯ ವಿಷಯ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬನ ಕಿವಿ ಕೆಂಪಾಯಿತು. ಕೊನೆಗೆ ಅವಳು ಅವನದೇ ವಿವರಣೆಯಲ್ಲಿ ಅದೇ 'ಥ' ಒತ್ತಿನ ಪದವನ್ನು ತೋರಿಸಿದಳು. ಅಧಿಕಾರಿಣಿ ಕನ್ನಡಕ ಏರಿಸಿ ನೋಡಿ, ಕೈಬರಹದ ಮೂಲ ತರಿಸಿ ಇನ್ನೊಮ್ಮೆ ನೋಡಿದರು.

ಸಾಹೇಬನನ್ನು ಪರೀಕ್ಷೆಯ ಕೆಲಸದಿಂದ ತೆಗೆದು ದಾಸ್ತಾನು ಕೋಣೆಗೆ ಹಾಕಿದರು. ಎಲ್ಲರಿಗೂ ಮರುಪರೀಕ್ಷೆಯಾಯಿತು. ಹೊಸದಾಗಿ ಬಂದಾಕೆ ಮೊದಲು ಲೈಟು ಆರಿಸಿದರು, ಆಮೇಲೆ ನೆಲದ ಮೇಲೆ ಕೂತರು. ಹುಡುಗಿಗೆ ಪತ್ರ ಸಿಕ್ಕಿತು, ಸಹಾಯಕಿ ಸಿಕ್ಕಳು, ಒಂಬತ್ತನೇ ವಯಸ್ಸಿಗೆ ಮತ್ತೆ ಎರಡನೇ ತರಗತಿ. ಪಾರ್ಸೆಲ್ಲಣ್ಣನ ಮಾಲೀಕ ವಿಳಾಸಗಳನ್ನು ಬಾಯಲ್ಲಿ ಹೇಳುವ ಬದಲು ಬರೆದು ಕೊಡತೊಡಗಿದ.

ಮುಂದಿನ ವರ್ಷ ಸಾಹೇಬ ಔಷಧಿ ಅಂಗಡಿಯ ಮುಂದೆ ಎದುರಾದ. ಈಗ ಅವನಿಗೆ ಅವಳ ಗುರುತು ಚೆನ್ನಾಗಿಯೇ ಇತ್ತು.

"ನನ್ನ ಮೇಲೆ ಯಾಕಮ್ಮ ಅಷ್ಟೊಂದು ದ್ವೇಷ? ನಿಮಗೆ ಬೇಕಾಗಿದ್ದು ಸಿಕ್ತಲ್ಲ. ಆಗಿದ್ದಾಯ್ತು ಬಿಡಿ."

"ನಿಮಗೆ ಆಯ್ತು" ಎಂದಳು ಟೈಪಕ್ಕ. "ನನ್ನ ಮಗಳು ತನಗಿಂತ ಎರಡು ವರ್ಷ ಚಿಕ್ಕ ಮಕ್ಕಳ ಜೊತೆ ಕೂತಿದಾಳೆ. ಅವಳು ಶಾಲೆ ಮುಗಿಸೋ ತನಕ ನನಗೆ ಆಗಲ್ಲ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ, ಮೂರನೇ ಮಹಡಿಯ ಮೆಟ್ಟಿಲಿಳಿದು ಬಂದ ದಿನಕ್ಕಿಂತ ಹಗುರವಾಗಿ, ಅಷ್ಟೇ ಸಿಟ್ಟಿನಲ್ಲಿ, ರಸ್ತೆ ದಾಟಿ ಹೊರಟುಹೋದಳು.