ಕಾಂಬಳೆಯವರ ಪರದೆ

ಅಲ್ಲ, ಅದು ಹನುಮಪ್ಪನ ಗುಡಿಯ ಕಟ್ಟೆ ಇರಲಿಕ್ಕಿಲ್ಲ. ಗುಡಿಯ ಕಟ್ಟೆಯ ಮೇಲೆ ಕಾಂಬಳೆಯವರನ್ನು ಆ ಕಾಲದಲ್ಲಿ ಯಾರು ಮಲಗಲು ಬಿಡುತ್ತಿದ್ದರು? ಆದರೂ ನೆನಪು ಹಟಮಾರಿಯಂತೆ ಅವರನ್ನು ಅಲ್ಲೇ ತಂದು ಮಲಗಿಸುತ್ತದೆ. ನಮ್ಮ ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಎಂದು ತಿದ್ದಿಕೊಳ್ಳುತ್ತೇನೆ. ಉಳಿದದ್ದು ತಿದ್ದಬೇಕಾಗಿಲ್ಲ. ಮಟಮಟ ಮಧ್ಯಾಹ್ನ, ನಾಲ್ಕು ಗಳ ನೆಟ್ಟು ಕಟ್ಟಿದ ಬಿಳಿ ಸೊಳ್ಳೆ ಪರದೆ, ಅದರೊಳಗೆ ಎದೆಯ ಮೇಲೆ ಕೈ ಜೋಡಿಸಿಕೊಂಡು ಅಂಗಾತ ಮಲಗಿದ ಆರೋಗ್ಯ ಇಲಾಖೆಯ ನೌಕರ, ಊರವರ ಬಾಯಲ್ಲಿ ಮಲೇರಿಯಾ ಕಾಂಬಳೆ. ಪರದೆಯೊಳಗೆ ಎಷ್ಟು ಸುಖವಾಗಿ ಮಲಗಬಹುದು ಎಂದು ಊರಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು.

ಹೊಲದಿಂದ ಬುಟ್ಟಿ ಹೊತ್ತು ಬರುತ್ತಿದ್ದ ದ್ಯಾಮವ್ವ ಅಜ್ಜಿ ಅದನ್ನು ಕಂಡು ನಿಂತಲ್ಲೇ ಬಾಯಿ ಬಡಿದುಕೊಂಡಳು. "ಅಯ್ಯಯ್ಯೋ ನನ್ನಪ್ಪಾ! ಯಾರ್ ಹೋದ್ರೋ!"

ಕಾಂಬಳೆ ಪರದೆ ಸಮೇತ ಎದ್ದು ಕೂತರು. "ಯಾರೂ ಹೋಗಿಲ್ಲಬೇ ಅಜ್ಜಿ, ನಾ ಅದೇನಿ!"

ಹೆಣ ಎದ್ದು ಮಾತಾಡಿದ ಮೇಲೆ ಅಜ್ಜಿ ನಿಲ್ಲುತ್ತಾಳೆಯೆ? ಬುಟ್ಟಿ ಅಲ್ಲೇ ಬಿತ್ತು. ಸಂಜೆಯೊಳಗೆ ಇಡೀ ತಿರ್ಲಾಪುರಕ್ಕೆ ಸುದ್ದಿಯಾಯಿತು: ಅದು ಹೆಣದ ಪರದಿ. ಕಾಂಬಳೆ ಸೈಕಲ್ಲಿನ ಮೇಲೆ ಹೇರಿಕೊಂಡು ಬಂದಿದ್ದ ಪರದೆಗಳ ಗಂಟು ಬಿಚ್ಚದೆ ಶಾಲೆಯ ಮೂಲೆಯಲ್ಲಿ ಬಿತ್ತು. ಆ ಪರದೆಗಳನ್ನು ಅವರು ಯಾರಿಂದ ಬೇಡಿ ತಂದಿದ್ದರೋ ತಿಳಿಯದು. ಸರಕಾರದವು ಅಲ್ಲ. ಸರಕಾರ ಅವರಿಗೆ ಕೊಟ್ಟದ್ದು ಗುಳಿಗೆ, ಸೂಜಿ ಮತ್ತು ಗಾಜಿನ ಪಟ್ಟಿಗಳನ್ನು ಇಡುವ ಕಟ್ಟಿಗೆಯ ಡಬ್ಬಿ, ಇಷ್ಟೇ.

ಎಂಬತ್ತರ ದಶಕದ ನಡುವಿನ ವರ್ಷಗಳವು. ಕಾಲುವೆ ನೀರು ಬಂದು ನಮ್ಮ ಎರೆ ಹೊಲಗಳಲ್ಲಿ ಹತ್ತಿ ಚೆನ್ನಾಗಿ ಬೆಳೆಯುತ್ತಿತ್ತು, ಬದುವಿನ ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯೂ ಬೆಳೆಯುತ್ತಿತ್ತು. ಕಾಂಬಳೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ನಮಸ್ಕಾರ ಎನ್ನುವ ರೂಢಿ ಅವರಿಗಿರಲಿಲ್ಲ. "ಚಳಿ ಬಂದಿತ್ತೇನ್ರಿ?" ಎಂಬುದೇ ಅವರ ನಮಸ್ಕಾರ. ಬಂದಿತ್ತು ಎಂದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಹಿಡಿಯುವರು, ಕಹಿ ಗುಳಿಗೆ ತಮ್ಮ ಎದುರಿಗೇ ನುಂಗಿಸುವರು. ಸೊಳ್ಳೆಯ ಬಗ್ಗೆ ಮಾತ್ರ ದೂರದ ಸಂಬಂಧಿಕರ ಬಗ್ಗೆ ಹೇಳುವ ಹಾಗೆ ಹೇಳುವರು. "ಗಂಡಸು ಸೊಳ್ಳಿ ಕಡಿಯೂದಿಲ್ರಿ. ಕಡಿಯೂದು ಅಕೀನ. ತತ್ತಿ ಇಡಬೇಕಲ್ರಿ ಪಾಪ, ಅದಕ್ಕ ರಕ್ತ ಬೇಕು. ಬಸರಿ ಹೆಂಗಸು ಅಕಿ. ಬೈಬ್ಯಾಡ್ರಿ, ದೂರ ಇಡ್ರಿ ಅಷ್ಟ."

ಬಸುರಿ ಎಂಬ ಮಾತು ಬಂದಾಗ ನನ್ನ ಹೆಂಡತಿ ಕಸ್ತೂರಿ ಎದ್ದು ಒಳಗೆ ಹೋಗುತ್ತಿದ್ದಳು. ಹಿಂದಿನ ವರ್ಷ, ಆರು ತಿಂಗಳಾಗಿದ್ದಾಗ, ಚಳಿಜ್ವರ ಬಂದು ಅವಳ ಹೊಟ್ಟೆಯಲ್ಲಿದ್ದ ಕೂಸು ಉಳಿದಿರಲಿಲ್ಲ. ಈಗ ಮತ್ತೆ ನಾಲ್ಕು ತಿಂಗಳು. ಊರಿನ ಶಾಲೆಯ ಮಾಸ್ತರನಾದ ನಾನು ಪ್ರತಿ ಸಂಜೆ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ, ಮುಟ್ಟಿದ್ದು ಅವಳಿಗೆ ಗೊತ್ತಾಗದ ಹಾಗೆ. ಶಾಲೆಯ ಮೂಲೆಯ ಗಂಟಿನಿಂದ ಒಂದು ಪರದೆ ಎಳೆದು ಮನೆಗೆ ತಂದೆ. ಅವ್ವ ಅದನ್ನು ಹೊಸ್ತಿಲಲ್ಲೇ ತಡೆದಳು.

"ಬಸರಿ ಹೆಣ್ಮಗಳ ಮ್ಯಾಲ ಬಿಳೀ ಅರಬಿ ಹೊಚ್ಚತೀಯೇನಲೇ? ಸಾಲಿ ಕಲಿಸಿ ಕಲಿಸಿ ತಲಿ ಕೆಟ್ಟೈತಿ ನಿಂದು."

ನಾನು ವಾದಿಸಿದೆ. ಅವ್ವ ಮಾತು ನಿಲ್ಲಿಸಿದಳು. ವಾದಕ್ಕಿಂತ ಅದು ಕಷ್ಟ.

ಮುಂದಿನ ಸರದಿಗೆ ಕಾಂಬಳೆ ಬಂದಾಗ ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಕೂತರು. ಒಳಗೆ ಬರುವ ಪದ್ಧತಿ ಇರಲಿಲ್ಲ. ಅವರು ಬೌದ್ಧರು, ಅಂದರೆ ಅವರ ತಂದೆಯ ಕಾಲದಲ್ಲಿ ಬೌದ್ಧರಾದವರು. ಊರು ಮಾತ್ರ ಅದಕ್ಕೂ ಹಿಂದಿನ ಜಾತಿಯನ್ನೇ ನೆನಪಿಟ್ಟುಕೊಂಡಿತ್ತು. ಹಿತ್ತಲ ಗೋಡೆಯ ಮೇಲೆ ಅವ್ವ ಬಿಸಿಲಿಗೆ ಹಾಕಿದ್ದ ಕೌದಿ ಕಾಣುತ್ತಿತ್ತು. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ, ಹತ್ತು ಬಣ್ಣದ ಕೌದಿ.

"ಅವ್ವಾರ, ಈ ಕೌದಿ ಯಾರ್ ಹೊಲದದ್ರಿ?"

"ನಾನ. ಯಾಕ?"

"ಇದನ್ನ ಹೊಚಗೊಂಡು ಮಕ್ಕೊಂಡವರಿಗೆ ಹೆಣ ಅಂತಾರೇನ್ರಿ?"

"ಥೂ, ಬಿಡ್ತು ಅನ್ನು! ಕೂಸುಗೋಳು ಮಲಗೂ ಕೌದಿ ಅದು."

"ಹಂಗಾರ ನನ್ನ ಪರದೀಗೂ ಒಂದೀಟು ಸೀರಿ ದಡಿ ಹಚ್ಚಿ ಕೊಡ್ರಲಾ. ಬಿಳೀದು ಬಿಳೀದಾಗಿ ಉಳಿಯೂದಿಲ್ಲ. ಕೆಳಗ ಭಾರನೂ ಆಗತೈತಿ, ಗಾದಿ ಬುಡಕ ಛಲೋ ಸಿಗತೈತಿ."

ಕೌದಿ ಹೊಲಿಯುವವಳಿಗೆ ಹೊಲಿಗೆಯ ಸವಾಲು ಹಾಕಿದರೆ ಬಿಡುವುದಿಲ್ಲ. ಎರಡು ದಿನದಲ್ಲಿ ಪರದೆಯ ಕೆಳಗೆ ಸುತ್ತಲೂ ಗೇಣುದ್ದದ ಕೆಂಪು ದಡಿ ಬಂತು, ಮೇಲಿನ ನಾಲ್ಕು ಮೂಲೆಗೆ ಹಸಿರು ಕುಣಿಕೆ. ಆ ದಡಿ ನನ್ನ ಹೆಸರಿಡುವ ದಿನ ಅವಳು ಉಟ್ಟಿದ್ದ ಸೀರೆಯದಂತೆ. ಹಾಗೆಂದು ಅವಳು ಹೇಳಿದ್ದಳೋ, ಆಮೇಲೆ ನಾನೇ ಕಟ್ಟಿಕೊಂಡೆನೋ, ಈಗ ಕೇಳಲು ಅವಳಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಿ ಮೈತುಂಬ ದದ್ದು ಎಬ್ಬಿಸಿಕೊಂಡು ಹೊರಗೆ ಬಂದಳು. "ಅತ್ತಿ, ಸೊಳ್ಳಿ ಎಲ್ಲಾ ಹೊರಗ ಅದಾವು. ಇರಿವಿ ಎಲ್ಲಾ ಒಳಗ ಬಂದಾವು."

ಕಾರಣ ಅವ್ವನೇ. ನಮ್ಮ ಮನೆಯಲ್ಲಿ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ಮೈ ತಿನ್ನುತ್ತದೆ ಎಂದು. ಅವ್ವ ಪರದೆಗೂ ಉಣ್ಣಿಸಿದ್ದಳು, ಬಸುರಿಗೆಂದು ಬೆಲ್ಲ ಹಚ್ಚಿ, ದಡಿಯ ನಾಲ್ಕು ಮೂಲೆಗೂ. ಕಸ್ತೂರಿ ಹೇಳುತ್ತ ಹೇಳುತ್ತ ನಕ್ಕಳು. ಒಂದು ವರ್ಷದ ಮೇಲೆ ಅವಳು ನಕ್ಕದ್ದು ಅಂದೇ. ಇದನ್ನು ಮಾತ್ರ ನಾನು ಯಾರ ಎದುರಿಗೂ ಆಣೆ ಮಾಡಿ ಹೇಳಬಲ್ಲೆ.

ಅದೃಷ್ಟಕ್ಕೆ ಕಾಂಬಳೆ ಅಂದು ಯಾರಿಗೋ ಉಳಿದ ಗುಳಿಗೆ ನುಂಗಿಸಲು ಬಂದು ಪಕ್ಕದ ಓಣಿಯಲ್ಲಿದ್ದರು. ಸುದ್ದಿ ಕೇಳಿ ಕಟ್ಟೆಗೆ ಬಂದು ಅಲ್ಲಿಂದಲೇ ಕೂಗಿ ಹೇಳತೊಡಗಿದರು. "ಮೂಲಿ ಹೊಲಿಗಿ ಬಿಚ್ಚರಿ ಅವ್ವಾರ. ಪರದಿ ಅರಬಿ ಹರೀಬಾರದು ಮತ್ತ, ಸಣ್ಣ ತೂತಾದ್ರೂ ಅಕಿ ಒಳಗ ಬರತಾಳ!" ಅವ್ವನ ಕಣ್ಣಿಗೆ ತನ್ನ ಹೊಲಿಗೆಯೇ ಸಿಗುತ್ತಿರಲಿಲ್ಲ. ಒಳಗಿನಿಂದ ಅವಳು, ಹೊರಗಿನಿಂದ ಇವರು, ನಡುವೆ ಹೊಸ್ತಿಲಲ್ಲಿ ನಾನು. ಕೊನೆಗೆ ಅವ್ವನೇ ಬೇಸತ್ತಳು.

"ಏ ತಮ್ಮಾ, ಹೊರಗ ನಿಂತು ಏನ್ ಒದರತೀಯೋ? ಒಳಗ ಬಾ. ನೀನ ಬಿಚ್ಚು."

ಕಾಂಬಳೆ ನನ್ನ ಮುಖ ನೋಡಿದರು. ಒಂದೂವರೆ ವರ್ಷದಿಂದ ಅವರು ನಮ್ಮ ಮನೆಗೆ ಬರುತ್ತಿದ್ದರು. ಎಲ್ಲರೂ ಸಮಾನರು ಎಂಬ ಪಾಠ ಹೇಳಿ ಪಗಾರ ತೆಗೆದುಕೊಳ್ಳುತ್ತಿದ್ದ ನನ್ನ ಬಾಯಲ್ಲಿ ಆ ಎರಡು ಶಬ್ದ ಒಮ್ಮೆಯೂ ಬಂದಿರಲಿಲ್ಲ. ಅವರು ಚಪ್ಪಲಿ ಬಿಟ್ಟು, ತಲೆಬಾಗಿಲಿನಲ್ಲಿ ಬಗ್ಗಿ ಒಳಗೆ ಬಂದರು. ಸೂಜಿಯ ಕೈ ಅವರದು, ನಾಲ್ಕೂ ಮೂಲೆ ಬಿಚ್ಚಿ ರೊಟ್ಟಿ ತೆಗೆದರು.

"ಅವ್ವಾರ, ಪರದಿ ಉಪವಾಸ ಇರೂದು ಬ್ಯಾಡ. ಅರಿಷಿಣ ಬೇರು ಐತೇನ್ರಿ? ಅದನ್ನ ಇಟ್ಟು ಹೊಲೀರಿ. ಇರಿವಿ ಹಂತೇಕ ಬರೂದಿಲ್ಲ, ಶುಭನೂ ಆತು."

ಅವ್ವ ಅರಿಷಿಣ ತಂದಳು. "ಶಾಣ್ಯಾ ಇದ್ದೀ," ಎಂದಳು. ಅಷ್ಟೇ. ಚಹಾ ಕೊಟ್ಟಳೇ? ಕೊಟ್ಟಳು ಎಂದು ಬರೆಯಲು ಆಸೆ. ನೆನಪಿಲ್ಲ.

ಆಮೇಲೆ ಗಂಟು ತಾನಾಗಿ ಬಿಚ್ಚಿತು. ದ್ಯಾಮವ್ವ ಅಜ್ಜಿಯೇ ಮೊದಲು ಬಂದಳು. "ನನ್ನ ಮೊಮ್ಮಗಳಿಗೊಂದು ಕೊಡೋ ಹೆಣದಪ್ಪಾ," ಎಂದು ಕೈ ಚಾಚಿದಳು. ಮನೆಮನೆಯ ಹಳೆಯ ಸೀರೆಗಳು ಪರದೆಗಳ ದಡಿಯಾದವು. ಒಂದರಂತೆ ಇನ್ನೊಂದಿರಲಿಲ್ಲ. ಎಲ್ಲ ಮೂಲೆಗಳಲ್ಲೂ ಅರಿಷಿಣ ಇತ್ತು.

ಎಂಟನೆಯ ತಿಂಗಳಲ್ಲಿ ಕಸ್ತೂರಿಗೆ ಜ್ವರ ಬಂತು. ಹಲ್ಲು ಕಟಕಟ ಎನ್ನುವ ಚಳಿ, ಹಿಂದಿನ ವರ್ಷದಂಥದ್ದೇ. ಕಾಂಬಳೆ ರಕ್ತ ತೆಗೆದರು. ಅಂದು ಸೊಳ್ಳೆಯ ಪುರಾಣ ಹೇಳಲಿಲ್ಲ. ಗಾಜಿನ ಪಟ್ಟಿ ನವಲಗುಂದದ ದವಾಖಾನೆಗೆ ಹೋಗಿ ಫಲಿತಾಂಶ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. ಅಷ್ಟು ದಿನ ಮನೆಯಲ್ಲಿ ಹೇಗೆ ಉಸಿರಾಡುವುದು? ಅವ್ವ ಪರದೆಯ ಮೂಲೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕಸ್ತೂರಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನಾಲ್ಕನೆಯ ದಿನ ನಾನು ಹನ್ನೆರಡರ ಮಗ್ಗಿ ಹೇಳಿಸುತ್ತಿದ್ದೆ. ಕಿಟಕಿಯಲ್ಲಿ ಕಾಂಬಳೆಯವರ ಮುಖ. ಅಂದು ಅವರ ಸರದಿಯ ದಿನವಲ್ಲ.

"ಗುರುಗಳ, ಏನೂ ಇಲ್ರಿ! ಪಟ್ಟಿ ಸ್ವಚ್ಛ ಐತಿ. ಬರೇ ಥಂಡಿ ಹತ್ತಿದ ಸಾದಾ ಜ್ವರ. ನಾನ ನವಲಗುಂದಕ್ಕ ಒಯ್ದು, ತಪಾಸಣಿ ಮಾಡೋರ ಬಾಜೂಕ ಕುಂತು ನೋಡಿಸೇನಿ. ಮನೀಗಿ ಹೋಗಿ ಹೇಳ್ರಿ ಮೊದಲ."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಮಕ್ಕಳು ನನ್ನ ಅಗತ್ಯವಿಲ್ಲದೆಯೇ ಮಗ್ಗಿ ಮುಂದುವರಿಸಿದವು. ಆಮೇಲೆ ಓಡಿದೆ. ಅವ್ವ ಹಿತ್ತಲಲ್ಲಿ ಕೂತು ಅತ್ತಳು, ಕಸ್ತೂರಿ ಎರಡು ರೊಟ್ಟಿ ಕೇಳಿ ಉಂಡಳು. ಜ್ವರ ಮುಂದೆ ಮೂರು ದಿನಕ್ಕೆ ಇಳಿಯಿತು. ತಿಂಗಳ ಮೇಲೆ ಮಗಳು ಹುಟ್ಟಿದಳು, ಮೈಕೈ ತುಂಬಿಕೊಂಡು, ಊರಿಗೆಲ್ಲ ಕೇಳುವಂತೆ ಅಳುತ್ತ. ಈಗ ಅವಳಿಗೇ ಮಕ್ಕಳಿದ್ದಾರೆ.

ತೊಟ್ಟಿಲಿಗೆ ಹಾಕುವ ದಿನಕ್ಕೆ ಕಾಂಬಳೆಯವರನ್ನು ಕರೆಯಬೇಕೆಂದಿದ್ದೆವು. ಆದರೆ ಕಿಟಕಿಯಲ್ಲಿ ಕಂಡ ಆ ದಿನದ ಮೇಲೆ ಅವರ ಸರದಿಗೆ ಬೇರೊಬ್ಬರು ಬರುತ್ತಿದ್ದರು. ಕೇಳಿದರೆ ವರ್ಗವಾಗಿದೆ ಎಂದರು, ರಜೆ ಹಾಕಿದ್ದಾರೆ ಎಂದೂ ಅಂದರು. ಅಣ್ಣಿಗೇರಿಯ ಕಡೆ ಅವರ ಹೆಂಡತಿ, ಇಬ್ಬರು ಮಕ್ಕಳು ಇದ್ದರೆಂದು ಕೇಳಿದ್ದೆ. ಹೋಗಿ ಹುಡುಕಲಿಲ್ಲ. ಮತ್ತೆ ಅವರನ್ನು ನೋಡಲಿಲ್ಲ.

ಕೂಸನ್ನು ಉಳಿಸಿದ್ದು ಪರದೆಯೋ, ಗುಳಿಗೆಯೋ, ಆ ವರ್ಷ ಕಾಲುವೆಗೆ ನೀರು ಕಡಿಮೆ ಬಿಟ್ಟದ್ದೋ ಹೇಳಲಾರೆ. ಕಿಟಕಿಯಲ್ಲಿ ಕಂಡ ಕಾಂಬಳೆ ಆ ಬಿಸಿಲಿನಲ್ಲೂ ಉಣ್ಣೆಯ ಸ್ವೆಟರ್ ಹಾಕಿಕೊಂಡಿದ್ದರು, ಸರಳು ಹಿಡಿದ ಕೈ ನಡುಗುತ್ತಿತ್ತು ಎಂದು ಈಚೆಗೆ ಅನಿಸುತ್ತದೆ. ಇದು ನಿಜವಾದ ನೆನಪೇ, ಇಲ್ಲ ವಯಸ್ಸಾದ ಮೇಲೆ ನಾನು ಅವರಿಗೆ ತೊಡಿಸಿದ್ದೇ? ಅಂದು ಅವರು ಹೇಳಿದ್ದು ಕೇಳಿಸಿಕೊಂಡೆ, ಓಡಿದೆ. ನಿಮಗೆ ಚಳಿ ಬಂದಿದೆಯೇ ಎಂದು ಕೇಳಲಿಲ್ಲ. ಅವರ ಮನೆಯಲ್ಲಿ ಒಂದು ಪರದೆ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.